ಬಿಸಿಲಿನ ಕೆಲಸಕ್ಕೆ ಮಜ್ಜಿಗೆಯೋ ಓಆರ್‌ಎಸ್ಸೋ?

ರಾಯಚೂರಿನ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವ ತಂದೆಯವರಿಗೆ ದಿನವೂ ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಸಕ್ಕರೆ-ಉಪ್ಪಿನ ದ್ರಾವಣ) ಕೊಡಬಹುದೇ ಎಂದು ಕೇಳಿದ್ದೀರಿ. ವಾಂತಿಭೇದಿಯಿಲ್ಲದೆ ಹೊತ್ತುಹೊತ್ತಿಗೆ ಊಟ ಮಾಡುವವರಿಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಬೆವರಿನಲ್ಲಿ ಹೋದ ಉಪ್ಪಿನ ಬಹುಪಾಲನ್ನು ಸಾರು, ಉಪ್ಪಿನಕಾಯಿಗಳೇ ತುಂಬಿಕೊಡುತ್ತವೆ. ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಬೆರೆಸಿ ಕಡೆದು, ಚಿಟಿಕೆ ಉಪ್ಪು, ಜಜ್ಜಿದ ಶುಂಠಿ ಹಾಕಿದ ನೀರುಮಜ್ಜಿಗೆಯನ್ನು ಕಳಿಸಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದರೂ ಸೋಡಿಯಂ ಕಡಿಮೆಯಿರುವುದರಿಂದ ಭೇದಿಯಾದಾಗ ಅದೊಂದನ್ನೇ ನಂಬಬಾರದು. ಆಗ ಓಆರ್‌ಎಸ್ ಪೊಟ್ಟಣವೇ ಬೇಕು. ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ. ಕರುಳು ಉಪ್ಪಿನಲ್ಲಿರುವ ಸೋಡಿಯಂ ಅನ್ನು ಸಕ್ಕರೆಯಿಂದ ಬರುವ ಗ್ಲೂಕೋಸ್ ಜೊತೆಗೂಡಿಸಿ ಹೀರಿಕೊಳ್ಳುವುದರಿಂದ ಈ ಅಳತೆ ತಪ್ಪಬಾರದು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ಇವೆಲ್ಲವನ್ನೂ, ಎಳನೀರನ್ನೂ ಸೇರಿಸಿ, ವೈದ್ಯರನ್ನು ಕೇಳಿಯೇ ಕೊಡಿ.