ಹೊಸ ಟೈಮರ್ ಹಾಕುವ ಮೊದಲು ಹಳೆಯದನ್ನು ನಿಲ್ಲಿಸಿ

ಪೇಜಿನ ಫೋಟೋ ಐದೈದು ಸೆಕೆಂಡಿಗೆ ಬದಲಾಗಬೇಕು, ಯಾವ ಜೆಕ್ವೆರಿ ಪ್ಲಗಿನ್ ಒಳ್ಳೆಯದು ಅಂತ ಕೇಳಿದ್ದೀರಿ. (ಜೆಕ್ವೆರಿ ಅಂದರೆ ಜಾವಾಸ್ಕ್ರಿಪ್ಟ್ ಕೆಲಸ ಸುಲಭ ಮಾಡುವ ಸಿದ್ಧ ಕೋಡ್, ಪ್ಲಗಿನ್ ಅಂದರೆ ಅದಕ್ಕೆ ಸೇರಿಸುವ ತುಣುಕು.) ಅಯ್ಯೋ, ನಾನೂ ಇದನ್ನೇ ಹುಡುಕಿದ್ದೆ. ಆಗ ಹುಬ್ಬಳ್ಳಿಯಲ್ಲಿ ಕೂತು ಗದಗ ಪಕ್ಕದ ಬೆಟಗೇರಿಯ ಒಂದು ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡುತ್ತಿದ್ದೆ.

ಸಿಕ್ಕಿದ್ದು ಜೆಕ್ವೆರಿ ಟೈಮರ್ಸ್. ಎವ್ರಿಟೈಮ್ ಅಂದರೆ ಮತ್ತೆ ಮತ್ತೆ ಮಾಡು, ಒನ್‌ಟೈಮ್ ಅಂದರೆ ಒಂದೇ ಸಲ, ಸ್ಟಾಪ್‌ಟೈಮ್ ಅಂದರೆ ನಿಲ್ಲಿಸು. ಮೂರನೆಯದು ನನಗ್ಯಾಕೆ ಅಂತ ಬಿಟ್ಟುಬಿಟ್ಟೆ.

ಇಳಕಲ್, ಕಾಟನ್, ರೇಷ್ಮೆ ಅಂತ ಬಟನ್ ಇಟ್ಟಿದ್ದೆ. ಯಾವುದನ್ನು ಒತ್ತಿದರೂ ಆ ಸೀರೆಗಳ ಫೋಟೋ ಬಂದು ಎವ್ರಿಟೈಮ್ ಶುರುವಾಗುತ್ತಿತ್ತು. ಆದರೆ ಹಳೆಯದು ನಿಲ್ಲುತ್ತಿರಲಿಲ್ಲ! ಪೇಜ್ ತೆರೆದಾಗ ಒಂದು, ಆಮೇಲೆ ಐದು ಸಲ ಒತ್ತಿದರೆ ಇನ್ನೈದು. ಆರು ಟೈಮರ್ ಒಟ್ಟಿಗೆ ಓಡಿ, ಐದು ಸೆಕೆಂಡಲ್ಲಿ ಫೋಟೋ ಆರು ಸಲ ಹಾರುತ್ತಿತ್ತು. ಮಾಲೀಕರು ಗಲ್ಲೆಯ ಮುಂದೆ ಕೂತು ಒತ್ತಿದ್ದೇ ಒತ್ತಿದ್ದು, ಕೊನೆಗೆ "ತಮ್ಮಾ, ಸೀರಿ ನೋಡಾಕ ಬಿಡವಲ್ದಲ್ಲೋ ಇದು" ಅಂದರು.

ನಾನು ಮನೆಗೆ ಬಂದು ಐದು ಸೆಕೆಂಡನ್ನು ಎಂಟು ಮಾಡಿದೆ, ಹನ್ನೆರಡು ಮಾಡಿದೆ. ಪ್ರತಿ ಸಲ ಪೇಜ್ ರಿಫ್ರೆಶ್ ಮಾಡಿ ನೋಡುತ್ತಿದ್ದೆ, ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕಾಣದೆ ಏನು? ರಿಫ್ರೆಶ್ ಮಾಡಿದರೆ ಓಡುತ್ತಿದ್ದ ಟೈಮರ್ ಎಲ್ಲ ಅಳಿಸಿ ಹೋಗುತ್ತವಲ್ಲ. ಮಾಲೀಕರು ಮಾತ್ರ ರಿಫ್ರೆಶ್ ಮಾಡುತ್ತಿರಲಿಲ್ಲ, ಯಾವ ಗಿರಾಕಿಯೂ ಮಾಡುವುದಿಲ್ಲ. ಗದಗಕ್ಕೆ ಎರಡು ಸಲ ಬಸ್ಸಲ್ಲಿ ಹೋಗಿ ಬಂದೆ, ಬಾಕಿ ದುಡ್ಡು ಕೈಗೆ ಬರಲು ಮೂರು ತಿಂಗಳು ಹಿಡಿಯಿತು. ಕೊನೆಗೆ ಬೇಕಾಗಿದ್ದು ಎವ್ರಿಟೈಮ್‌ಗಿಂತ ಮುಂಚೆ ಸ್ಟಾಪ್‌ಟೈಮ್ ಅನ್ನೋ ಒಂದೇ ಸಾಲು.

ನಿಮ್ಮ ಪ್ರಶ್ನೆಗೆ ಬಂದರೆ, ಇಷ್ಟು ಕೆಲಸಕ್ಕೆ ಪ್ಲಗಿನ್ನೇ ಬೇಡ, ಬ್ರೌಸರಿನಲ್ಲೇ ಅದಕ್ಕೆ ವ್ಯವಸ್ಥೆ ಇದೆ. ಸೆಟ್‌ಇಂಟರ್ವಲ್ ಟೈಮರ್ ಶುರು ಮಾಡಿ ಅದರ ನಂಬರ್ ಕೊಡುತ್ತದೆ, ಅದನ್ನು ಕ್ಲಿಯರ್‌ಇಂಟರ್ವಲ್‌ಗೆ ಕೊಟ್ಟರೆ ಟೈಮರ್ ನಿಲ್ಲುತ್ತದೆ. ಹಳೆಯದನ್ನು ನಿಲ್ಲಿಸದೆ, ಆ ನಂಬರ್ ಇಟ್ಟುಕೊಂಡ ಅದೇ ವೇರಿಯಬಲ್‌ಗೆ ಹೊಸ ನಂಬರ್ ತುಂಬಿದಿರೋ, ಹಳೆಯದರ ನಂಬರ್ ಹೋಯಿತು, ಆಮೇಲೆ ಅದು ಕೈಗೆ ಸಿಗಲ್ಲ. ಫೋಟೋ ನಿಧಾನಕ್ಕೆ ಮಾಸುವುದು, ಜಾರುವುದು ಇಷ್ಟೇ ಆದರೆ ಪೇಜಿನ ಅಂದ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಿಡಿ. ಇನ್ನು "ಆಫರ್ ಮುಗಿಯಲು ಇಷ್ಟು ನಿಮಿಷ" ಅಂತ ತೋರಿಸುವುದಿದ್ದರೆ ಟೈಮರ್ ಎಷ್ಟು ಸಲ ಬಡಿಯಿತು ಅಂತ ಎಣಿಸಬೇಡಿ, ಗಡಿಯಾರದ ಸಮಯ ನೋಡಿ ಲೆಕ್ಕ ಹಾಕಿ. ಟ್ಯಾಬ್ ಮರೆಯಲ್ಲಿದ್ದರೆ ಬ್ರೌಸರ್ ಟೈಮರನ್ನು ನಿಧಾನ ಮಾಡುತ್ತದೆ, 2021ರ ಕ್ರೋಮ್ 88ರಿಂದ ಕೆಲವು ಸಲ ನಿಮಿಷಕ್ಕೆ ಒಮ್ಮೆ ಮಾತ್ರ ಬಡಿಯಬಹುದು.

ಮೊದಲು ನಿಮ್ಮ ಬಟನ್‌ಗಳನ್ನು ಸುಮ್ನೆ ಹತ್ತು ಸಲ ಒತ್ತಿ ನೋಡಿ. ನಡುವೆ ರಿಫ್ರೆಶ್ ಮಾತ್ರ ಮಾಡಬೇಡಿ.