ಸಂಪಾದಕರ ಉತ್ತರ: ಅಪ್ಪನ ತೋಟ, ಮಗನ ದಿನಚರಿ

ಪ್ರಿಯ ಓದುಗರೆ,

ಹೋದ ಸಂಚಿಕೆಯಲ್ಲಿ ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನ ರಾಜಕಾರಣಿ ವಿಲಿಯಂ ಗ್ಲ್ಯಾಡ್‌ಸ್ಟನ್ ಅವರನ್ನು ನಾವು ‘ಸುಧಾರಕ ಪ್ರಧಾನಿ’ ಎಂದು ಕರೆದದ್ದಕ್ಕೆ ನೀವು ಆಕ್ಷೇಪಿಸಿದ್ದೀರಿ. ಗುಲಾಮರ ಬೆವರಿನಲ್ಲಿ ಬೆಳೆದ ಮನೆಯ ಮಗ ಸುಧಾರಕ ಹೇಗಾದ ಎಂಬುದು ನಿಮ್ಮ ಪ್ರಶ್ನೆ. ಲೇಖನದಲ್ಲಿ ಆ ಸಂಗತಿ ಬಿಟ್ಟುಹೋದದ್ದು ನಮ್ಮ ತಪ್ಪು. ದಕ್ಷಿಣ ಅಮೆರಿಕದ ಬ್ರಿಟಿಷ್ ವಸಾಹತು ಡೆಮೆರಾರಾದಲ್ಲಿದ್ದ ತಂದೆ ಜಾನ್ ಅವರ ಕಬ್ಬಿನ ತೋಟಗಳಲ್ಲಿ ದುಡಿದವರು ಗುಲಾಮರು. ಗುಲಾಮಗಿರಿ ರದ್ದಾದಾಗ ಜಾನ್ ಅವರಿಗೆ ಒಂದು ಲಕ್ಷ ಪೌಂಡಿಗೂ ಮೀರಿದ ಪರಿಹಾರ ಸಿಕ್ಕಿತು. ದುಡಿದವರ ಕೈಗೆ ಬಿಡಿಗಾಸೂ ಬರಲಿಲ್ಲ. ಮಗ 1833ರಲ್ಲಿ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ಮಾತಾಡಿದ್ದು ತಂದೆಯ ತೋಟದ ಪರವಾಗಿಯೇ.

ಆದರೂ ಆ ಪದವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಪತ್ರಿಕೆ ನಡೆಸುವವನಾಗಿ ನನಗೆ ಮೊದಲು ನೆನಪಾಗುವುದು ಕಾಗದದ ಮೇಲಿನ ಸುಂಕ. ಆ ಸುಂಕದಿಂದ ಪತ್ರಿಕೆ, ಪುಸ್ತಕಗಳು ಬಡವರಿಗೆ ದುಬಾರಿಯಾಗಿದ್ದವು. ಹಣಕಾಸು ಮಂತ್ರಿಯಾಗಿ ಗ್ಲ್ಯಾಡ್‌ಸ್ಟನ್ 1860ರಲ್ಲಿ ಅದನ್ನು ತೆಗೆಯಹೊರಟರೆ ಪಾರ್ಲಿಮೆಂಟಿನ ಮೇಲ್ಮನೆಯಾದ ಪ್ರಭುಗಳ ಸಭೆ ಒಪ್ಪಲಿಲ್ಲ. ಮರುವರ್ಷ ಎಲ್ಲ ತೆರಿಗೆ ಪ್ರಸ್ತಾವಗಳನ್ನೂ ಒಂದೇ ಮಸೂದೆಯಲ್ಲಿ ಕಟ್ಟಿ ಮುಂದಿಟ್ಟರು. ತಿರಸ್ಕರಿಸುವುದಾದರೆ ಇಡೀ ಮುಂಗಡಪತ್ರವನ್ನೇ ತಿರಸ್ಕರಿಸಬೇಕಿತ್ತು. ಪ್ರಭುಗಳು ಹಿಂಜರಿದರು, ಸುಂಕ ಹೋಯಿತು.

1868ರಿಂದ ನಾಲ್ಕು ಸಲ ಪ್ರಧಾನಿಯಾದರು. 1870ರ ಶಾಲಾ ಕಾಯ್ದೆ, 1872ರ ಗುಪ್ತ ಮತದಾನ ಮೊದಲ ಸರ್ಕಾರದವು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡಹೋಗಿ 1886ರಲ್ಲಿ ಸೋತರು, ಪಕ್ಷವೂ ಒಡೆಯಿತು. ನಮಗೆ ಹತ್ತಿರದ್ದು ಇನ್ನೊಂದಿದೆ. ಭಾರತದ ವೈಸ್‌ರಾಯ್ ಲಿಟನ್ 1878ರಲ್ಲಿ ತಂದ ದೇಶಭಾಷಾ ಪತ್ರಿಕಾ ಕಾಯ್ದೆ ಇಂಗ್ಲಿಷ್ ಪತ್ರಿಕೆಗಳನ್ನು ಮುಟ್ಟಲಿಲ್ಲ; ದೇಶಭಾಷೆಯವರಿಂದ ಮಾತ್ರ ಮುಚ್ಚಳಿಕೆ ಕೇಳಿತು. ಅದೇ ವರ್ಷ ವಿರೋಧಪಕ್ಷದಲ್ಲಿದ್ದ ಗ್ಲ್ಯಾಡ್‌ಸ್ಟನ್ ಪಾರ್ಲಿಮೆಂಟಿನಲ್ಲಿ ಅದನ್ನು ಪ್ರಶ್ನಿಸಿದರು. ಮುಂದೆ ಮತ್ತೆ ಪ್ರಧಾನಿಯಾಗಿ ಅವರು ಕಳಿಸಿದ ವೈಸ್‌ರಾಯ್ ರಿಪನ್ 1882ರಲ್ಲಿ ಅದನ್ನು ರದ್ದುಮಾಡಿದರು. ಅದೇ ವರ್ಷ ಅವರದೇ ಸರ್ಕಾರದ ನೌಕಾಪಡೆ ಈಜಿಪ್ಟಿನ ಅಲೆಕ್ಸಾಂಡ್ರಿಯದ ಮೇಲೆ ಗುಂಡು ಸುರಿಸಿತು. ಇದನ್ನೂ ಬರೆದೇ ಹೇಳಬೇಕು.

ಇಷ್ಟು ವಿವರವಾಗಿ ಅವರನ್ನು ಹಿಡಿದು ಕೇಳಲು ಸಾಧ್ಯವಾಗಿರುವುದರಲ್ಲಿ ಅವರೇ ಉಳಿಸಿದ ಕಾಗದಗಳ ಪಾಲು ದೊಡ್ಡದು. ಬ್ರಿಟಿಷ್ ಲೈಬ್ರರಿಯಲ್ಲಿ ಅವು 750 ಸಂಪುಟಗಳಷ್ಟಿವೆ. ಮಂತ್ರಿಮಂಡಲದ ಸಭೆಗೆ ಕಾರ್ಯದರ್ಶಿಯೇ ಇಲ್ಲದ ಆ ಕಾಲದಲ್ಲಿ ಯಾವ ವಿಷಯ ಏನಾಯಿತೆಂದು ಅವರೇ ಗುರುತು ಹಾಕಿಕೊಳ್ಳುತ್ತಿದ್ದರು. ದಿನಚರಿಯಂತೂ 1825ರಿಂದ 1896ರವರೆಗೆ: ಪುಟ್ಟ ಪುಸ್ತಕಗಳಲ್ಲಿ ಇರುವೆ ಸಾಲಿನಂಥ ಅಕ್ಷರ, ಯಾರಿಗೆ ಪತ್ರ ಬರೆದೆ, ಏನು ಓದಿದೆ, ಯಾರನ್ನು ಕಂಡೆ. ಮನಸ್ಸು ಜಾರಿತೆಂದು ತನ್ನನ್ನೇ ಚಾಟಿಯಿಂದ ಹೊಡೆದುಕೊಂಡ ದಿನಗಳ ಪಕ್ಕದಲ್ಲಿ ಒಂದು ಸಣ್ಣ ಚಾಟಿಯ ಚಿತ್ರ. ಈ ದಿನಚರಿಗಳನ್ನು ಮನೆಯವರು ಉಳಿದ ಕಾಗದಗಳ ಜೊತೆ ಸೇರಿಸದೆ ಲಂಡನ್ನಿನಲ್ಲಿರುವ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ನಿವಾಸ ಲ್ಯಾಂಬೆತ್ ಅರಮನೆಗೆ ಒಪ್ಪಿಸಿದರು. 14 ಸಂಪುಟಗಳಾಗಿ ಅಚ್ಚಾಗಿ ಮುಗಿದದ್ದು 1994ರಲ್ಲಿ. ಮುಚ್ಚಿಡಬಹುದಾಗಿದ್ದ ಆ ಚಾಟಿಯ ಗುರುತನ್ನೂ ಅಳಿಸದೆ ಬಿಟ್ಟುಹೋದ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ಆದರೆ ಡೆಮೆರಾರಾದ ತೋಟದಲ್ಲಿ ದುಡಿದವರು ಇಂಥ ದಿನಚರಿ ಬಿಟ್ಟುಹೋಗಲಿಲ್ಲ. ಅವರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಒಂದು ಲೇಖನ ಬರಲಿದೆ; ಅದರ ಪಕ್ಕದಲ್ಲೇ ನಿಮ್ಮ ಪತ್ರವನ್ನು ಪೂರ್ತಿಯಾಗಿ ಅಚ್ಚುಹಾಕುತ್ತೇವೆ.

– ಸಂ.