ಬೃಹನ್ನಳೆಯೋ, ಶಿಖಂಡಿಯೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದೇನೆ. ಹುಟ್ಟಿದಾಗ ಗಂಡುಮಗುವೆಂದು ಬರೆಸಿದ್ದರೂ ನಾನು ಹೆಣ್ಣೆಂಬುದು ನನಗೆ ಬಹಳ ಹಿಂದೆಯೇ ತಿಳಿದಿತ್ತು. ಈಗ ಮನೆಯವರಿಗೂ ಗುರುಗಳಿಗೂ ಹೇಳಿದ್ದೇನೆ. ಇದನ್ನೇ ವಸ್ತುವಾಗಿಟ್ಟುಕೊಂಡು ಒಂದು ಏಕವ್ಯಕ್ತಿ ಪ್ರಯೋಗ ಮಾಡುವ ಆಸೆಯಿದೆ. ಗುರುಗಳು ಬೃಹನ್ನಳೆಯನ್ನೋ ಅರ್ಧನಾರೀಶ್ವರನನ್ನೋ ಆರಿಸಿಕೋ ಎನ್ನುತ್ತಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ನೀವೇನು ಹೇಳುತ್ತೀರಿ?
– ಹೆಸರು ಬೇಡ, ಧಾರವಾಡ

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಸರಿಯಾದ ಕಾರಣವಿದೆ. ಬೃಹನ್ನಳೆಯ ಪ್ರಸಂಗ ನರ್ತಕರಿಗೆ ಪ್ರಿಯವಾದದ್ದು, ಏಕೆಂದರೆ ಅಲ್ಲಿ ಮಹಾಭಾರತದ ಅತಿದೊಡ್ಡ ಬಿಲ್ಲುಗಾರ ವಿರಾಟನ ಅರಮನೆಯಲ್ಲಿ ರಾಜಕುಮಾರಿ ಉತ್ತರೆಗೆ ನೃತ್ಯದ ಗುರುವಾಗಿದ್ದಾನೆ. ಆದರೆ ಆ ಕಥೆಯ ನಡೆಯನ್ನು ಗಮನಿಸಿ. ಅರ್ಜುನನಿಗೆ ಅದು ಒಂದು ವರ್ಷದ ಅಜ್ಞಾತವಾಸದ ಮರೆ. ಶಮೀವೃಕ್ಷದಿಂದ ಗಾಂಡೀವವನ್ನು ಇಳಿಸಿಕೊಂಡು, ಬಳೆಗಳನ್ನು ಕಳಚಿ, ತಾನು ಯಾರೆಂದು ಉತ್ತರನಿಗೆ ಹೇಳುವ ಗಳಿಗೆಗಾಗಿಯೇ ಪ್ರೇಕ್ಷಕರು ಕಾದು ಕುಳಿತಿರುತ್ತಾರೆ. ಹೆಣ್ತನವನ್ನು ಕಳಚಿಹಾಕುವುದೇ ಗೆಲುವಾಗಿರುವ ಕಥೆಯನ್ನು, ಹೆಣ್ತನ ತನ್ನ ವೇಷವಲ್ಲ ಎಂದು ಹೇಳಹೊರಟವರು ಹೇಗೆ ಆಡಿಯಾರು? ಅರ್ಧನಾರೀಶ್ವರನದು ಬೇರೆಯೇ ತತ್ತ್ವ. ಅಲ್ಲಿರುವುದು ಶಿವಶಕ್ತಿಯರ ಐಕ್ಯ. ತನ್ನ ಲಿಂಗತ್ವವನ್ನು ತಾನೇ ಅರಿತುಕೊಂಡ ಒಬ್ಬ ವ್ಯಕ್ತಿಯ ಬಾಳು ಅಲ್ಲಿಲ್ಲ. ದೇಹದ ಬಲಭಾಗದಲ್ಲಿ ತಾಂಡವ, ಎಡಭಾಗದಲ್ಲಿ ಲಾಸ್ಯ ಎಂದು ಹಂಚಿ ಕುಣಿಯುವುದು ನೋಡಲು ಸೊಗಸಾದರೂ, ನಿಮ್ಮನ್ನು ಅರ್ಧರ್ಧವಾಗಿ ತೋರಿಸಿಬಿಡುವ ಅಪಾಯ ಅದರಲ್ಲಿದೆ.

ನಾನಾದರೆ ಶಿಖಂಡಿಯ ಕಥೆಯನ್ನು ಸೂಚಿಸುತ್ತೇನೆ. ಆಡುಮಾತಿನಲ್ಲಿ ಆ ಹೆಸರು ಬೈಗುಳವಾಗಿದೆಯೆಂದು ಹಿಂಜರಿಯಬೇಡಿ. ಉದ್ಯೋಗಪರ್ವದ ಕೊನೆಯಲ್ಲಿ ಬರುವ ಅಂಬೋಪಾಖ್ಯಾನವನ್ನು ಪೂರ್ತಿಯಾಗಿ ಓದಿ. ನಮ್ಮ ಯಕ್ಷಗಾನದ ‘ಭೀಷ್ಮ ವಿಜಯ’ದಿಂದ ಅಂಬೆಯ ಕೋಪ ಎಲ್ಲರಿಗೂ ಪರಿಚಿತ, ಆದರೆ ಅವಳ ಮರುಹುಟ್ಟಿನ ಕಥೆ ಅಷ್ಟು ಪರಿಚಿತವಲ್ಲ. ದ್ರುಪದನಿಗೆ ಹುಟ್ಟಿದ ಶಿಖಂಡಿನಿ, ಮುಂದೆ ಗಂಡಾಗುವಳೆಂಬ ಶಿವನ ಮಾತನ್ನು ನಂಬಿದ ತಂದೆತಾಯಿಯರ ಕೈಯಲ್ಲಿ ಮಗನಾಗಿಯೇ ಬೆಳೆಯುತ್ತಾಳೆ, ದ್ರೋಣನಲ್ಲಿ ಬಿಲ್ವಿದ್ಯೆ ಕಲಿಯುತ್ತಾಳೆ; ದಶಾರ್ಣದ ಅರಸ ಹಿರಣ್ಯವರ್ಮನ ಮಗಳೊಡನೆ ಮದುವೆಯೂ ಆಗುತ್ತದೆ. ಗುಟ್ಟು ರಟ್ಟಾಗಿ ಮಾವ ದಂಡೆತ್ತಿ ಬರುವಾಗ, ಸಾಯಲೆಂದು ಕಾಡಿಗೆ ಹೋದ ಅವಳಿಗೆ ಸ್ಥೂಣಾಕರ್ಣನೆಂಬ ಯಕ್ಷ ತನ್ನ ಗಂಡುತನವನ್ನು ಕೊಟ್ಟು, ಅವಳ ಹೆಣ್ಣುತನವನ್ನು ತಾನು ಪಡೆಯುತ್ತಾನೆ. ಕೆಲದಿನಗಳ ಮಟ್ಟಿಗೆಂದು ಮಾಡಿಕೊಂಡ ಈ ವಿನಿಮಯ, ಕುಬೇರನ ಶಾಪದಿಂದಾಗಿ, ಶಿಖಂಡಿ ಬದುಕಿರುವವರೆಗೂ ಉಳಿಯುತ್ತದೆ. ಪುಣ್ಯಾತ್ಮನಾದ ಆ ಯಕ್ಷನನ್ನು ವೇದಿಕೆಗೆ ಕರೆತರುವವರು ಎಷ್ಟು ಕಡಿಮೆ!

ನಿಮ್ಮ ದಾರಿ ಶಿಖಂಡಿಯ ದಾರಿಗೆ ತಿರುವುಮುರುವಾದದ್ದು, ನಿಜ. ಆದರೂ ಅವನ ಸಂಕಟ ನಿಮಗೆ ಹೊಸದಾಗಿರಲಾರದು, ಏಕೆಂದರೆ ಅಳಿಯ ಗಂಡು ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಹಿರಣ್ಯವರ್ಮ ಹೆಂಗಸರನ್ನು ಕಳುಹಿಸುತ್ತಾನೆ. ತನ್ನ ಲಿಂಗತ್ವವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗಿದೆ, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2014ರ ಏಪ್ರಿಲ್ 15ರಂದು. ಹಿರಣ್ಯವರ್ಮನೇನೋ ಪರೀಕ್ಷೆಯ ನಂತರ ಸಮಾಧಾನಗೊಳ್ಳುತ್ತಾನೆ, ಭೀಷ್ಮ ಸಮಾಧಾನಗೊಳ್ಳುವುದಿಲ್ಲ. ಹೆಣ್ಣಿನೊಡನೆ, ಹಿಂದೆ ಹೆಣ್ಣಾಗಿದ್ದವನೊಡನೆ, ಹೆಣ್ಣಿನ ಹೆಸರುಳ್ಳವನೊಡನೆ ತಾನು ಕಾದುವುದಿಲ್ಲ ಎಂಬುದು ಅವನ ಹಟ. ಮೈತುಂಬ ಬಾಣ ನೆಟ್ಟು ಬೀಳುವಾಗಲೂ, ಇವು ಅರ್ಜುನನ ಬಾಣಗಳು, ಶಿಖಂಡಿಯವಲ್ಲ ಎನ್ನುತ್ತಾನೆ.

ಶಿಖಂಡಿಯ ಈ ಪೂರ್ವಕಥೆಯನ್ನು ದುರ್ಯೋಧನನಿಗೆ ಹೇಳುವವನೂ ಅದೇ ಭೀಷ್ಮ ಎಂಬುದನ್ನು ಮರೆಯಬೇಡಿ. ಶರಶಯ್ಯೆಯ ಮೇಲೆ ಮಲಗಿ, ಅನುಶಾಸನಪರ್ವದಲ್ಲಿ, ಧರ್ಮರಾಯನಿಗೆ ಅವನು ಭಂಗಾಶ್ವನನ ಕಥೆಯನ್ನೂ ಹೇಳುತ್ತಾನೆ. ಇಂದ್ರನ ಮುನಿಸಿನಿಂದ, ಸರೋವರದಲ್ಲಿ ಮುಳುಗಿ ಏಳುವಷ್ಟರಲ್ಲಿ ಹೆಣ್ಣಾದ ಆ ರಾಜ, ಕೊನೆಗೆ ಇಂದ್ರನೇ ಒಲಿದು ಮತ್ತೆ ಗಂಡಾಗು ಎಂದರೂ ಬೇಡವೆಂದು ಹೆಣ್ಣಾಗಿಯೇ ಉಳಿಯುತ್ತಾನೆ. ಅದಕ್ಕೆ ಕೊಡುವ ಕಾರಣ, ಕೂಟದಲ್ಲಿ ಹೆಣ್ಣಿಗೇ ಹೆಚ್ಚು ಸುಖ ಎಂಬುದು, ಇಂದಿನ ನಮ್ಮ ವಿಚಾರಕ್ಕೆ ಸಾಲದು. ಅದನ್ನು ನೀವು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಆದರೆ ಒಂದು ಕಥೆಯಲ್ಲಿ ಒಪ್ಪದ, ಇನ್ನೊಂದರಲ್ಲಿ ಒಪ್ಪಿ ಹೇಳುವ ಈ ಮುದುಕನನ್ನು ನಿರೂಪಕನನ್ನಾಗಿ ಮಾಡಿಕೊಂಡರೆ ನಿಮ್ಮ ಪ್ರಯೋಗಕ್ಕೆ ಗಟ್ಟಿಯಾದ ಬೆನ್ನೆಲುಬು ಸಿಗುತ್ತದೆ. ಏಕಾಹಾರ್ಯ ಅಭಿನಯದಲ್ಲಿ ಉಡುಗೆ ಬದಲಿಸದೆ ಒಬ್ಬರೇ ಎಲ್ಲ ಪಾತ್ರಗಳಾಗುವುದರಿಂದ, ಭೀಷ್ಮನೂ ಯಕ್ಷನೂ ಶಿಖಂಡಿಯೂ ನಿಮ್ಮ ಒಂದೇ ಮೈಯಲ್ಲಿ ಬಂದುಹೋಗಬಹುದು. ಗುರುಗಳೊಡನೆ ಕುಳಿತು ಸಾಹಿತ್ಯವನ್ನು ಬರೆಸಿ, ಯಕ್ಷನ ಭಾಗಕ್ಕೆ ಸಂಚಾರಿಯಲ್ಲಿ, ಎಂದರೆ ಸಾಹಿತ್ಯದ ಸಾಲನ್ನು ಅಭಿನಯದಿಂದ ವಿಸ್ತರಿಸುವಲ್ಲಿ, ಧಾರಾಳ ಅವಕಾಶ ಕೊಡಿ. ಸೊಲ್ಲುಕಟ್ಟುಗಳಿಗೆ ಹೆಜ್ಜೆ ಹಾಕುವ ಜತಿಗಳನ್ನು ಮಿತಿಯಲ್ಲಿಡಿ.

ಪ್ರಶ್ನೆ: ನನ್ನ ಮಗ ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಾನೆ. ಇದರಿಂದ ಅವನ ಸ್ವಭಾವವೇ ಬದಲಾದೀತೆಂದು ನೆಂಟರು ಹೆದರಿಸುತ್ತಾರೆ. ನಿಲ್ಲಿಸಬೇಕೆ?
– ಒಬ್ಬ ತಾಯಿ, ಉಡುಪಿ ಜಿಲ್ಲೆ

ಉತ್ತರ: ನಿಲ್ಲಿಸಬೇಡಿ. ಕೂಚಿಪುಡಿಯಲ್ಲಿ ವೇದಾಂತಂ ಸತ್ಯನಾರಾಯಣ ಶರ್ಮ ಸತ್ಯಭಾಮೆಯಾಗಿ, ಕಥಕ್ಕಳಿಯಲ್ಲಿ ಕೋಟ್ಟಕ್ಕಲ್ ಶಿವರಾಮನ್ ದಮಯಂತಿಯಾಗಿ ಮನೆಮಾತಾದವರು. ನಿಮ್ಮ ಕರಾವಳಿಯಲ್ಲೇ ಕೋಳ್ಯೂರು ರಾಮಚಂದ್ರ ರಾವ್ ಅವರ ಸ್ತ್ರೀವೇಷಗಳನ್ನು ಕಂಡವರು ಬೇಕಾದಷ್ಟಿದ್ದಾರೆ. ಅವರಿಗೆ ಅದು ಸಾಧನೆಯಿಂದ ಬಂದ ಕಲೆ. ಇನ್ನೊಂದು ಕಡೆ, ಮದುರೆಯಲ್ಲಿ ಹುಟ್ಟಿ, ತಂಜಾವೂರಿನ ಕಿಟ್ಟಪ್ಪ ಪಿಳ್ಳೆಯವರ ಶಿಷ್ಯೆಯಾಗಿ ಭರತನಾಟ್ಯ ಕಲಿತು, 2019ರಲ್ಲಿ ಪದ್ಮಶ್ರೀ ಪಡೆದ ನರ್ತಕಿ ನಟರಾಜ್ ಅವರು ಲಿಂಗತ್ವ ಅಲ್ಪಸಂಖ್ಯಾತ ಮಹಿಳೆ. ವೇದಿಕೆಯಲ್ಲಿ ನಾಯಿಕೆಯಾಗಿ ನಿಂತಾಗ ಅವರದು ಸ್ತ್ರೀವೇಷವಲ್ಲ. ಹೀಗೆ ಕುಣಿತವೊಂದನ್ನೇ ನೋಡಿ ಕುಣಿಯುವವರ ಒಳಗನ್ನು ಅಳೆಯಲಾಗದು, ಕುಣಿತ ಆ ಒಳಗನ್ನು ಹೊಸದಾಗಿ ಹುಟ್ಟಿಸುವುದೂ ಇಲ್ಲ. ನಿಮ್ಮ ಮಗ ಮುಂದೆ ತನ್ನ ಬಗ್ಗೆ ಏನಾದರೂ ಹೇಳಿಕೊಂಡರೆ ಅದು ಅವನದೇ ಮಾತು, ಆಗ ಕೇಳಿಸಿಕೊಳ್ಳಿ, ಹೇಳಿಕೊಳ್ಳದಿದ್ದರೆ ಕೆದಕಬೇಡಿ. ನೆಂಟರಿಗೆ ಮುಂದಿನ ಆಟದ ಕರೆಯೋಲೆ ಕೊಡಿ.

ಪ್ರಶ್ನೆ: ಗಂಡು ಹೆಣ್ಣಿನ ಪಾತ್ರ ಮಾಡುವುದಕ್ಕೆ ಶಾಸ್ತ್ರದ ಒಪ್ಪಿಗೆ ಇದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇದೆ. ಪಾತ್ರಕ್ಕೂ ನಟನಿಗೂ ಇರುವ ಸಂಬಂಧವನ್ನು ಭರತನ ನಾಟ್ಯಶಾಸ್ತ್ರ ಮೂರು ಬಗೆಯಾಗಿ ಹೇಳುತ್ತದೆ. ಪಾತ್ರಕ್ಕೆ ತಕ್ಕ ಲಿಂಗ, ವಯಸ್ಸುಗಳುಳ್ಳವರೇ ಆಡಿದರೆ ಅನುರೂಪಾ, ಬಾಲಕ ವೃದ್ಧನಾಗಿಯೋ ವೃದ್ಧ ಬಾಲಕನಾಗಿಯೋ ಆಡಿದರೆ ವಿರೂಪಾ, ಗಂಡು ಹೆಣ್ಣಿನ ಪಾತ್ರವನ್ನು ಆಡಿದರೆ ರೂಪಾನುಸಾರಿಣೀ. ಹೆಣ್ಣು ಗಂಡಿನ ಪಾತ್ರ ಮಾಡುವುದನ್ನೂ ಅದು ಒಪ್ಪುತ್ತದೆ. ಶೃಂಗಾರಕ್ಕೆ ಒಪ್ಪುವ ಸುಕುಮಾರ ಶೈಲಿಯಾದ ಕೈಶಿಕೀ ವೃತ್ತಿಯನ್ನು ಗಂಡಸರಷ್ಟೇ ಸೇರಿ ಪ್ರಯೋಗಿಸಲಾಗದೆಂದು ಭರತ ಕೇಳಿಕೊಂಡದ್ದಕ್ಕೆ ಬ್ರಹ್ಮ ಅಪ್ಸರೆಯರನ್ನು ಸೃಷ್ಟಿಸಿದನೆಂಬ ಕಥೆಯೂ ಅದೇ ಗ್ರಂಥದಲ್ಲಿದೆ. ಸ್ತ್ರೀವೇಷವನ್ನು ಎತ್ತಿಹಿಡಿಯುವ ಭರದಲ್ಲಿ ನರ್ತಕಿಯರ ಪಾಲನ್ನು ಕಡೆಗಣಿಸುವವರಿಗೆ ಅದನ್ನೂ ತೋರಿಸಿ.